ಎಣ್ಣೆಗಂಡಿ

ಹ್ಯಾಲಿಫ್ಯಾಕ್ಸಿನ ನಮ್ಮ ಬೀದಿ ಎಂಥ ಇಳಿಜಾರೆಂದರೆ
ಲೇತನ್ನು ಗ್ಯಾರೇಜಿಗೆ ಇಳಿಸಲು ನಾಲ್ಕು ಜನ, ಎರಡು ಹಗ್ಗ,
ಪಕ್ಕದ ಮನೆಯ ಇಮ್ತಿಯಾಜನ ಬೈಗುಳ, ಎಲ್ಲ ಬೇಕಾಯಿತು.

ನೂರಿಪ್ಪತ್ತು ಪೌಂಡಿಗೆ ಕೊಟ್ಟವರು ಶ್ರೀಮತಿ ಬಾರಕ್ಲೋ.
'ನಮ್ಮ ವಿಲ್ಫ್ ಪ್ರತಿ ಈಸ್ಟರಿಗೂ ಇದಕ್ಕೆ ಬಣ್ಣ ಬಳಿಯುತ್ತಿದ್ದ.
ಮನೆಯ ಬಾಗಿಲಿಗೆ ಬಳಿಯಲಿಲ್ಲ.'
ಹೊಗಳಿದರೋ ದೂರಿದರೋ ತಿಳಿಯದೆ
ನಾನು ಟೋಪಿ ಸರಿಮಾಡಿಕೊಂಡೆ.

ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಕೈ ಇದು.
ಮೊದಲ ವಾರವಿಡೀ ಬರೀ ಬಿಚ್ಚಿತು.
ಬಿಚ್ಚಿದ್ದನ್ನು ಮೊಟ್ಟೆಯ ತಟ್ಟೆಗಳಲ್ಲಿ ಇಟ್ಟು
ಗುಳಿಗೊಂದು ಚೀಟಿ ಅಂಟಿಸಿದೆ:
ಎಡದ ತಿರುಪು, ಬಲದ ತಿರುಪು,
ಸ್ಪ್ರಿಂಗು, ಗೊತ್ತಿಲ್ಲ, ವಾಷರು,
ಗೊತ್ತಿಲ್ಲ, ಗೊತ್ತಿಲ್ಲ.

ಹಲ್ಲುಚಕ್ರಗಳು ಸೀಮೆಎಣ್ಣೆಯಲ್ಲಿ ಮಿಂದವು.
ಹಳೆಯ ಗ್ರೀಸು ಬೆಲ್ಲದ ಪಾಕದಂತೆ ಗಟ್ಟಿಕಟ್ಟಿ
ಅದರೊಳಗೆ ಹಿತ್ತಾಳೆಯ ಸಿಬುರೊಂದು ಸುರುಳಿ ಸುತ್ತಿ ಮಲಗಿತ್ತು.
ಯಾವ ಮಧ್ಯಾಹ್ನ ಹೆರೆದದ್ದೋ.
ಎಸೆಯಲು ಮನಸ್ಸಾಗದೆ ಕಿಟಕಿಯ ಮೇಲಿಟ್ಟೆ.

ಹಾಸಿನ ತುಕ್ಕು ಅಷ್ಟೇನೂ ಆಳಕ್ಕಿಳಿದಿರಲಿಲ್ಲ.
ಎಣ್ಣೆ ಹನಿಸಿ, ತಂತಿಯುಂಡೆಯಲ್ಲಿ ಉಜ್ಜಿ, ಒರೆಸಿ, ಮತ್ತೆ ಹನಿಸಿ
ಬೆರಳು ಓಡಿಸಿದರೆ ತಿಳಿಯುತ್ತಿತ್ತು:
ಚಕ್ಕಿನ ಬಳಿ ಕೂದಲೆಳೆಯಷ್ಟು ಸವೆದ ತಗ್ಗು,
ಬದುಕೆಲ್ಲ ಅಲ್ಲೇ ನಡೆದಂತಿತ್ತು.
ದೂರದ ತುದಿ ಮಾತ್ರ
ನೆಂಟರು ಬಾರದ ಕೋಣೆಯ ಹಾಗೆ, ಇನ್ನೂ ಹೊಸದು.

ಮಂಡಿಯೂರಿ ಹುಡುಕಿದೆ, ಎಲ್ಲೆಲ್ಲಿ ಎಣ್ಣೆ ಕೇಳುತ್ತದೆ ಎಂದು.
ಗುಂಡು ಬಾಯಿಯವು ಏಳು, ಮುಚ್ಚಳದವು ಎರಡು.
ಮಿಳ್ಳೆ ಹಿಡಿದು ಒಂದೊಂದಕ್ಕೂ
ಕೂಸಿನ ನೆತ್ತಿಗೆ ಒತ್ತುವ ಹಾಗೆ ಒತ್ತಿದೆ.
ತಲೆಪೆಟ್ಟಿಗೆ ಬಿಚ್ಚಲು ಮಾತ್ರ ಧೈರ್ಯ ಸಾಲಲಿಲ್ಲ.

ನವೆಂಬರಿನ ಒಂದು ಸಂಜೆ ಗುಂಡಿ ಒತ್ತಿದೆ.
ಓಡಿತು! ಗೋಡೆಯ ಮೊಳೆಗಳೆಲ್ಲ ಗುನುಗಿದವು.
ಐದು ನಿಮಿಷಕ್ಕೆ ಮುಂದಿನ ಬೇರಿಂಗು
ಅಂಗೈ ಇಟ್ಟರೆ ಆರು ಎಣಿಸಲಾರದಷ್ಟು ಕಾದು
ಹೆದರಿ ನಿಲ್ಲಿಸಿದೆ.

ಹಿಂದಿನದಕ್ಕೆ ಎಣ್ಣೆಯ ಬಟ್ಟಲಿದೆ. ಮುಂದಿನದಕ್ಕೆ ಏಕಿಲ್ಲ?
ಟಾರ್ಚನ್ನು ಓರೆ ಹಿಡಿದಾಗ
ಹಸಿರು ಬಣ್ಣದಲ್ಲಿ ಸಿಡುಬಿನ ಕಲೆಯಂಥ ಒಂದು ಕುಳಿ.
ಉಗುರಿಂದ ಕೆರೆದೆ: ಹಸಿರು.
ಚಾಕುವಿಂದ: ಬೂದಿ, ಮತ್ತೆ ಹಸಿರು,
ಮತ್ತೆ ಹಸಿರು, ಎಷ್ಟೊಂದು ಈಸ್ಟರುಗಳು!
ಕೊನೆಗೆ ಸೂಜಿ ಸರಕ್ಕನೆ ಒಳಗೆ ಹೋಯಿತು.

ಎಣ್ಣೆ ಬಂದಾಗ ಕಣ್ಣು ಮುಚ್ಚಿತ್ತು.
ಮುಚ್ಚಿದ್ದು ಅದಲ್ಲ,
ಕುಂಚ ಹಿಡಿದು ಬಾಗಿ ನಿಂತ ಅಕ್ಕರೆ.

ಒಳಗಿನ ಬತ್ತಿ ಒಣಗಿ ಇಲಿಯ ಬಾಲವಾಗಿತ್ತು.
ಅಮ್ಮ ದುಡಿದ ಕಾರ್ಪೆಟ್ ಗಿರಣಿಯ ಉಣ್ಣೆಯ ಉಂಡೆ
ಇನ್ನೂ ನಮ್ಮ ಮೆಟ್ಟಿಲ ಕೆಳಗಿದೆ, ಕಡುಗೆಂಪು.
ಮೂರೆಳೆ ಹೊಸೆದು ಇಳಿಬಿಟ್ಟೆ.
ಎಣ್ಣೆ ಹೊಯ್ದೆ. ಕುಡಿಯಿತು. ಹೊಯ್ದೆ. ಕುಡಿಯಿತು.
ಮೂರನೆಯ ಸಲ ಒಂದು ಗುಳ್ಳೆ ಮೇಲೆದ್ದು
ಪಟ್ಟೆಂದಿತು, ಅಷ್ಟೆ.

ಭಾನುವಾರ ಫೋನಿನಲ್ಲಿ ಶ್ರೀಮತಿ ಬಾರಕ್ಲೋ:
'ಹೇಗಿದೆ, ಹೆಡ್ಲಿ? ವಿಲ್ಫ್ ಚೆನ್ನಾಗಿ ನೋಡಿಕೊಂಡಿದ್ದನಲ್ಲ?'
ಗಂಟಲಲ್ಲಿ ಏನೋ ಕಾದಂತಾಯಿತು.
'ಬಣ್ಣ ಒಂದು ಚೂರೂ ಎದ್ದಿರಲಿಲ್ಲ' ಎಂದೆ.
ಆ ಕಡೆ ಅವರು ನಕ್ಕರು.
ನಾನು ಕೆರೆದ ಹಸಿರು ಇನ್ನೂ ಉಗುರಲ್ಲೇ ಇತ್ತು.

ಈಗ ಗಂಟೆಗಟ್ಟಲೆ ಓಡಿದರೂ
ಬೇರಿಂಗು ಬೆಚ್ಚಗೆ, ಟೀ ಕುಡಿದಿಟ್ಟ ಲೋಟದಷ್ಟು.
ಇಮ್ತಿಯಾಜ್ ಬಾಗಿಲಿಗೆ ಒರಗಿ ಕೇಳುತ್ತಾನೆ:
'ಇಷ್ಟಾಯಿತಲ್ಲ, ಇದರಲ್ಲಿ ಏನು ಮಾಡುತ್ತೀ?'
ಚೀಟಿಯಲ್ಲಿ ಬರೆದದ್ದೇ ಬಾಯಿಗೆ ಬರುತ್ತದೆ.

ಮೊಟ್ಟೆಯ ತಟ್ಟೆಯಲ್ಲಿ ಒಂದು ವಾಷರು ಉಳಿದಿದೆ.